ಒಂದು ಗಂಟೆಯ ಸದ್ದು

"ಅಮೇರಿಕಾದ ವಿಮಾನ ರಡಾರಿಗೂ ಸಿಗಂಗಿಲ್ಲಲೇ. ಬಂದು ಹೊಡದಿದ್ದೂ ಗೊತ್ತಾಗಂಗಿಲ್ಲ," ಅಂದ ಲಾರಿ ಡ್ರೈವರ್ ಹುಚ್ಚೇಶ.

"ನಮ್ಮ ಮ್ಯಾಲ ವಿಮಾನ ಯಾಕ ಬೇಕಲೇ? ಸುಂಕ ಏರಿಸಿದ್ರ ಸಾಕು," ಅಂತ ಜೊತೆಗಾರ ಸೋಮಲಿಂಗ ನಕ್ಕ. ಇಳಕಲ್ಲಿನ ಕಲ್ಲುಗಣಿಯೆದುರು ಚಹಾ ಮಾರುವ ಮರೆವ್ವನಿಗೆ ನಗು ಬರಲಿಲ್ಲ. ಗಣಿಯ ಕೆಂಪು ಕಲ್ಲೆಲ್ಲ ಆ ದೇಶಕ್ಕೇ ಹೋಗುತ್ತಿತ್ತು. ಗಂಡ ದುರ್ಗಪ್ಪ ಅಲ್ಲೇ ದುಡಿಯುತ್ತಿದ್ದ.

ಒಂದು ಗಂಟೆಯಾಯಿತು. ಗಣಿಯಲ್ಲಿ ಬಂಡೆಗೆ ಮದ್ದಿಟ್ಟು ಸಿಡಿಸುವ ಹೊತ್ತು. ಧೂಳು ಬೀಳದಿರಲೆಂದು ಇಬ್ಬರೂ ದಿನದಂತೆ ಮಾತು ನಿಲ್ಲಿಸಿ ಕಪ್ಪಿನ ಮೇಲೆ ಅಂಗೈ ಮುಚ್ಚಿದರು. ಮರೆವ್ವ ಹಾಲಿನ ಪಾತೇಲಿಯ ಮುಚ್ಚಳ ಒತ್ತಿ ಹಿಡಿದಳು.

ನೆಲ ನಡುಗಲಿಲ್ಲ.

"ನಿಮ್ಮ ಗಡಿಯಾರ ಮುಂದೈತೇನ್ರಿ, ಅಕ್ಕಾರ?" ಹುಚ್ಚೇಶನ ದನಿ ಇಳಿದಿತ್ತು.

ಮರೆವ್ವ ಗಣಿಯತ್ತ ತಿರುಗಿದಳು. ಸಂಜೆಗೆ ಬರಬೇಕಾದ ದುರ್ಗಪ್ಪ ಗಣಿಯ ಗೇಟು ದಾಟಿ, ಬಿಚ್ಚದ ಬುತ್ತಿ ಹಿಡಿದು ನಡೆದು ಬರುತ್ತಿದ್ದ. ಕಪ್ಪಿನ ಮೇಲಿನ ಕೈ ಯಾರೂ ತೆಗೆಯಲಿಲ್ಲ.