ಹಗುರವಾದ ಮುಚ್ಚಳ

ಕಾರಿನ ಸ್ಟೀರಿಂಗಿನ ನಡುವಿನ ಮುಚ್ಚಳ ಕಳಚಿ ಕೈಗೆ ಬಂತು. ವೀಗಾಂತಸ್ ಅದನ್ನು ಅಂಗೈಯಲ್ಲಿ ಎರಡು ಸಲ ತೂಗಿ ನೋಡಿದ. ಅದರ ಹಿಂಬದಿಗೆ ಏರ್‌ಬ್ಯಾಗ್ ಇದ್ದಿದ್ದರೆ ಒಂದು ಕಿಲೋ ಹತ್ತಿರ ಇರಬೇಕಿತ್ತು. ಇದು ಊಟದ ತಟ್ಟೆಯಷ್ಟೂ ಭಾರವಿರಲಿಲ್ಲ. ಬಿಚ್ಚುವ ಮುಂಚೆ ಅವನು ಬ್ಯಾಟರಿಯ ತಂತಿ ತೆಗೆದು, ಉಳಿದ ವಿದ್ಯುತ್ತು ಇಳಿಯಲೆಂದು ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕಾದಿದ್ದ. ಇಲ್ಲದ ಏರ್‌ಬ್ಯಾಗಿನ ಸಿಡಿಮದ್ದಿಗೆ ಹೆದರಿ.

ಹೊರಗೆ ಕೌನಾಸ್ ಊರಿನ ಮಾರ್ಚ್ ತಿಂಗಳ ಕೆಸರು ಹಿಮ. ಒಳಗೆ, ವೀಗಾಂತಸ್‌ನ ಚರ್ಮದ ಕೆಲಸದ ಗ್ಯಾರೇಜಿನಲ್ಲಿ, ಗಿರಾಕಿ ಗೀತಿಸ್ ಹೊಸ ಸ್ಟೀರಿಂಗನ್ನು ಎದೆಗವಚಿಕೊಂಡು ತನ್ನ ಕೆಂಪು ಸ್ಪೋರ್ಟ್ಸ್ ಕಾರಿನ ಸುತ್ತ ಸುತ್ತುತ್ತಿದ್ದ. ಅವನು ಆರ್ಡರ್ ಕೊಡಲು ಬಂದ ದಿನ ವೀಗಾಂತಸ್ ಅವನ ಎರಡೂ ಹಸ್ತಗಳನ್ನು ಕಾಗದದ ಮೇಲೆ ಇಡಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದುಕೊಂಡಿದ್ದ. ಅದೇ ಮಾದರಿಯ ಇನ್ನೊಂದು ಹಳೆಯ ಸ್ಟೀರಿಂಗ್ ತಂದು, ಆ ಬೆರಳುಗಳ ಉದ್ದಕ್ಕೆ ತಕ್ಕಂತೆ ಮೂರು ಮಿಲಿಮೀಟರ್ ದಪ್ಪ ಮಾಡಿ, ಕಪ್ಪು ಚರ್ಮ ಹೊದಿಸಿ, ನೆತ್ತಿಯಲ್ಲಿ ಒಂದು ಹಳದಿ ಪಟ್ಟಿ ಕೂರಿಸಿದ್ದ. ಮೂರು ವಾರದ ಕೈಹೊಲಿಗೆ.

"ಮದುವಣಗಿತ್ತಿ ಕೈ ಹಿಡಿದ ಹಾಗಿದೆ, ಮೇಸ್ತ್ರಿ," ಎಂದ ಗೀತಿಸ್. "ನನ್ನ ಹೆಂಡತಿಗೆ ಮಾತ್ರ ಹೇಳಬೇಡಿ."

"ನಿನ್ನ ಹೆಂಡತಿ ಈ ಕಾರಲ್ಲಿ ಕೂತಿದ್ದಾಳಾ?"

"ಕೂತಿದ್ದಾಳಾ ಅಂತೀರಲ್ಲ! ಹೋದ ಭಾನುವಾರ ಸಮುದ್ರದ ಕಡೆ ಹೋಗ್ತಾ ಇನ್ನೂರು ಕಿಲೋಮೀಟರ್ ಸ್ಪೀಡು ಮುಟ್ಟಿಸಿದೆ. ಪಕ್ಕದಲ್ಲಿ ಕಣ್ಣು ಮುಚ್ಕೊಂಡು ಮೇರಿಮಾತೆ ಮೇರಿಮಾತೆ ಅಂತಿದ್ಲು."

ವೀಗಾಂತಸ್ ಮುಚ್ಚಳವನ್ನು ತಿರುಗಿಸಿದ. ಹಿಂಬದಿಯ ಅಂಚಿನಲ್ಲಿ, ಮಡಚಿ ಅಂಟಿಸಿದ ಚರ್ಮದ ಮೇಲೆ, ಪೆನ್ಸಿಲಿನಲ್ಲಿ 214 ಎಂದಿತ್ತು. ಅವನದೇ ಕೈಬರಹ. ತನ್ನ ಮೇಜಿನಿಂದ ಹೊರಗೆ ಹೋಗುವ ಪ್ರತಿ ಕೆಲಸಕ್ಕೂ ಅವನು ಹೀಗೆ ಸಂಖ್ಯೆ ಹಾಕುತ್ತಿದ್ದ. ನಾಲ್ಕು ವರ್ಷದ ಹಿಂದೆ ಹಳೆ ಕಾರುಗಳ ಸಂತೆಯ ಒಬ್ಬ ವ್ಯಾಪಾರಿ ಇಂಥ ಮುಚ್ಚಳಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ತರುತ್ತಿದ್ದ. ಜರ್ಮನಿಯಲ್ಲಿ ಗುದ್ದಿ ನುಜ್ಜಾದ ಕಾರುಗಳವು. ಏರ್‌ಬ್ಯಾಗ್ ಸಿಡಿದಾಗ ಮುಚ್ಚಳ ಬಿರಿಯುತ್ತದೆ. ಆ ಬಿರುಕನ್ನು ತುಂಬಿ, ಉಜ್ಜಿ, ಮೇಲೆ ತೆಳು ಚರ್ಮ ಹೊದಿಸುವುದು ವೀಗಾಂತಸ್‌ನ ಕೆಲಸ. "ಚರ್ಮ ನಿನ್ನದು, ಒಳಗಿನದು ನಮ್ಮದು," ಎಂದಿದ್ದ ವ್ಯಾಪಾರಿ. ಒಳಗೆ ಹೊಸ ಏರ್‌ಬ್ಯಾಗ್ ಹಾಕುತ್ತೀರಾ ಎಂದು ವೀಗಾಂತಸ್ ಕೇಳಿರಲಿಲ್ಲ. ಹಿಂಬದಿಗೆ ಅಂಟಿದ್ದ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದ, ಅಷ್ಟೇ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವನಿಗೆ ಅದು ಸಿಡಿದ ಏರ್‌ಬ್ಯಾಗಿನ ಪುಡಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ನಾಲ್ಕು ವರ್ಷವಾದರೂ ಚರ್ಮ ಒಂದು ಕಡೆಯೂ ಎದ್ದಿರಲಿಲ್ಲ.

"ಗೀತಿಸ್, ಇಲ್ಲಿ ಬಾ." ಕಾರಿನಲ್ಲಿದ್ದ ಹಳೆಯ ಸ್ಟೀರಿಂಗಿನ ನಡುವಿನ ಪೊಳ್ಳಿನಲ್ಲಿ ನೇತಾಡುತ್ತಿದ್ದ ಎರಡು ತಂತಿಗಳನ್ನು ಅವನು ತೋರಿಸಿದ. ಅವುಗಳ ತುದಿಗೆ ಅಕ್ಕಿಕಾಳಿನಷ್ಟು ದೊಡ್ಡದೇನನ್ನೋ ಬೆಸುಗೆ ಹಾಕಿದ್ದರು. "ಇದು ರೆಸಿಸ್ಟರ್. ಎರಡು ಓಮ್. ಕಾರಿನ ಕಂಪ್ಯೂಟರ್ ಇದನ್ನೇ ಏರ್‌ಬ್ಯಾಗ್ ಅಂತ ನಂಬುತ್ತೆ. ಅದಕ್ಕೇ ಎಚ್ಚರಿಕೆ ದೀಪ ಉರಿಯಲ್ಲ."

"ಮತ್ತೆ ಏರ್‌ಬ್ಯಾಗ್?"

"ಇಲ್ಲ."

"ಇಲ್ಲ ಅಂದ್ರೆ?"

"ಗುದ್ದಿದರೆ ನಿನ್ನ ಎದೆಗೂ ಸ್ಟೀರಿಂಗಿಗೂ ಮಧ್ಯೆ ಈ ಮುಚ್ಚಳ ಒಂದೇ. ಇದಕ್ಕೆ ಚರ್ಮ ಹೊದಿಸಿದವನು ನಾನು." ಸಂಖ್ಯೆಯನ್ನೂ ತೋರಿಸಿದ.

ಗೀತಿಸ್ ಸ್ಟೂಲಿನ ಮೇಲೆ ಕುಸಿದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. "ನನ್ನ ಹೆಂಡತಿ ಕೂತ ಕಡೆ ಏರ್‌ಬ್ಯಾಗ್?" ಎಂದು ಕೇಳಿದ.

"ಬಿಚ್ಚಿ ನೋಡಬೇಕು. ಇರಲಾರದು. ನೋಡು ತಮ್ಮಾ, ಎಲ್ಲ ಹೊಸದು ನಾನೇ ಹಾಕಿಸಿ ಕೊಡ್ತೀನಿ. ಅಲ್ಲಿವರೆಗೆ ಕಾರು ಇಲ್ಲೇ ಇರಲಿ."

ಗೀತಿಸ್ ಸ್ಟೀರಿಂಗಿನ ಹಳದಿ ಪಟ್ಟಿಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ನಿಧಾನವಾಗಿ ಅವನ ಮುಖಕ್ಕೆ ಬಣ್ಣ ಮರಳಿತು.

"ಹಾಕಿಸಿದರೆ ಗುದ್ದಿದ ಗಾಡಿ ಅಂತ ದಾಖಲೆಗೆ ಬರುತ್ತೆ. ಆಮೇಲೆ ಯಾರು ಕೊಳ್ತಾರೆ?"

"ಮಾರ್ತೀಯಾ?"

"ಇಟ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದೆಯಾ? ಶೌಲ್ಯಾಯ್ ಊರಲ್ಲಿ ಒಬ್ಬಳು ಹಲ್ಲಿನ ಡಾಕ್ಟರ್, ಚಿಕ್ಕ ವಯಸ್ಸು, ಕಾರು ಕೊಡ್ತೀರಾ ಅಂತ ಎರಡು ಸಲ ಫೋನ್ ಮಾಡಿದ್ದಾಳೆ. ಕೆಂಪು ಬಣ್ಣಕ್ಕೆ ಮರುಳಾಗಿದ್ದಾಳೆ. ಮುಚ್ಚಿಬಿಡಿ, ಮೇಸ್ತ್ರಿ. ನೀವು ನೋಡಿಲ್ಲ, ನಾನೂ ನೋಡಿಲ್ಲ."

"ಅವಳಿಗೆ ಹೇಳಲ್ವಾ?"

"ನೀವು ಹೊದಿಸುವಾಗ ಯಾರಿಗೆ ಹೇಳಿದ್ರಿ?"

ವೀಗಾಂತಸ್ ಮೇಜಿನ ಮೇಲಿದ್ದ ಚರ್ಮ ಕೊಯ್ಯುವ ಚಾಕು ತೆಗೆದುಕೊಂಡು, 214ನ್ನು ಮಂಡಿಯ ಮೇಲೆ ಅಂಗಾತ ಇಟ್ಟು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸೀಳಿದ. ಒಳ್ಳೆಯ ಚರ್ಮ, ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಇನ್ನೊಮ್ಮೆ ಅಡ್ಡಕ್ಕೆ ಸೀಳಿದ. ಅಡಿಯಲ್ಲಿ ತಾನೇ ತುಂಬಿದ್ದ ಹಳೆಯ ಬಿರುಕು ಕಾಣಿಸಿತು.

ಗೀತಿಸ್ ಕೂಗಾಡಲಿಲ್ಲ. ಎದ್ದು ಬಂದು ಮುಚ್ಚಳವನ್ನು ಅವನ ಕೈಯಿಂದ ಬಿಡಿಸಿಕೊಂಡ. ಸೀಳಿನ ಉದ್ದಕ್ಕೂ ಬೆರಳಾಡಿಸಿ, ಕಂಕುಳಲ್ಲಿ ಇಟ್ಟುಕೊಂಡ.

"ನೀವು ಸ್ಟೀರಿಂಗ್ ಕೂರಿಸಿಕೊಡಿ, ಸಾಕು," ಎಂದ. "ಮುಚ್ಚಳಕ್ಕೆ ಚರ್ಮ ಹೊದಿಸೋರು ಈ ಊರಲ್ಲಿ ನೀವೊಬ್ಬರೇನಾ?"