ಏಳನೇ ಮಹಡಿಯ ಹೆಜ್ಜೇನು

ಔಷಧಿ ಹೊಡೆಸಿ ಕೊಲ್ಲಿಸಿದರೆ ಮೂರು ಸಾವಿರ. ಹೊಗೆ ಹಾಕಿ ಜೀವಂತ ಎಬ್ಬಿಸಿದರೆ ಐದು. ಒಮ್ಮೆ ಬಲೆ ಕಟ್ಟಿಸಿಬಿಟ್ಟರೆ ಹನ್ನೆರಡು, ಆಮೇಲೆ ಖರ್ಚೇ ಇಲ್ಲ.

ಹೆಬ್ಬಾಳದ ಆ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಕಾಶಿನಾಥ ಈ ಲೆಕ್ಕವನ್ನು ಮನಸ್ಸಿನಲ್ಲೇ ಎಷ್ಟೋ ಸಲ ಹಾಕಿದ್ದರು. ಆರು ವರ್ಷದಿಂದ, ದೀಪಾವಳಿ ಕಳೆಯುತ್ತಲೇ, ಹೆಜ್ಜೇನು ಏಳನೇ ಮಹಡಿಯ ಚೈತ್ರಳ ಬಾಲ್ಕನಿಗೇ ಬರುತ್ತಿತ್ತು. ಎಬ್ಬಿಸಲು ಮುದುಕ ಸಂಗಪ್ಪನೇ ಬರುತ್ತಿದ್ದ. ಔಷಧಿ ಬೇಡ, ಅವರನ್ನೇ ಕರೆಸಿ ಎಂದು ಹಟ ಹಿಡಿಯುತ್ತಿದ್ದವಳು ಚೈತ್ರ. ಇಡೀ ಕಟ್ಟಡದಲ್ಲಿ ನೂರಿಪ್ಪತ್ತು ಬಾಲ್ಕನಿಗಳಿವೆ. ಹುಳಕ್ಕೆ ಬೇಕಾದದ್ದು ಇದೊಂದೇ ಏಕೆ?

ಕಳೆದ ವರ್ಷ ಕಾಶಿನಾಥ ತಾವೇ ಬಂದು ನಿಂತು ನೋಡಿದರು. ಚೈತ್ರ ಇಟ್ಟ ಕಾಫಿಯನ್ನು ಸಂಗಪ್ಪ ಮುಟ್ಟಲಿಲ್ಲ. ತನ್ನ ಬಾಟಲಿಯ ನೀರನ್ನೇ ಕುಡಿದ. ಹೊಗೆ ಏಳುವವರೆಗೆ ಬಾಯಿ ಮಾತ್ರ ನಿಲ್ಲಲಿಲ್ಲ.

"ಕೋಗಿಲು ಊರಾಗೆ ನಮ್ ತೋಟದಾಗೆ ಜೇನ್ ಪೆಟ್ಗೆ ಮಡಗಿದ್ವಿ ಸಾರ್. ಸೀಬೆ ಊವ ಬಿಡ್ತು ಅಂದ್ರೆ ತೋಟವೇ ಗುಂಯ್ ಅನ್ನದು. ಬರೀ ಕೈಯಾಗೆ ಜೇನ್ ಎರಿ ಎತ್ತೀನಿ ನಾನು. ಎಷ್ಟು ಪೆಟ್ಗೆ ಅಂತೀರಾ..."

"ಹದಿನಾಲ್ಕು," ಎಂದಳು ಚೈತ್ರ. ಮುಖದಲ್ಲಿ ಏನೂ ಇರಲಿಲ್ಲ.

"ಪಾಪ, ಕೇಳಿ ಕೇಳಿ ಬಾಯಿಪಾಠ ಆಗೋಗಿದೆ," ಕಾಶಿನಾಥ ನಕ್ಕರು. "ಕಥೆಗೂ ಸೇರ್ಸಿ ಐದು ಸಾವಿರಾನಾ ಸಂಗಪ್ಪ?"

"ಕತೆ ಪುಕ್ಸಟ್ಟೆ ಸಾರ್. ಒಗೆ ಆಕಕ್ಕಷ್ಟೇ ಕಾಸು."

ಕೆಲಸ ಮುಗಿದ ಮೇಲೆ ಅವನು ಜೇಬಿನಿಂದ ಒಂದು ನಾಣ್ಯ ತೆಗೆದು ಬಾಲ್ಕನಿಯ ಕಟ್ಟೆಯ ಮೇಲಿಟ್ಟ. ಕಾಶಿನಾಥರೂ ಹಳೆಯ ನಾಣ್ಯ ಕೂಡಿಡುವವರು. ಕಂಡ ಕೂಡಲೇ ಗುರುತಿಸಿದರು: ಮಾಲ್ಟಾದ್ದು, ಎರಿಯ ಮೇಲೆ ಕೂತ ಜೇನುನೊಣ. ಹೆಚ್ಚೆಂದರೆ ಇನ್ನೂರು ರೂಪಾಯಿ.

"ಎಷ್ಟಕ್ಕಮ್ಮ ಮಾರ್ತಾನೆ ನಿಂಗೆ?"

"ದುಡ್ಡು ತಗೊಳಲ್ಲ ಅಂಕಲ್. ವರ್ಷಕ್ಕೊಂದು ಇಟ್ಟು ಹೋಗ್ತಾರೆ. ಎಲ್ಲಾ ಜೇನಿರೋವೇ."

ಬಿಟ್ಟಿ ಕೊಡುವವನನ್ನು ಕಾಶಿನಾಥ ನಂಬುವವರಲ್ಲ. "ಎಲ್ಲಿಂದಪ್ಪ ಈ ಹುಚ್ಚು?" ಎಂದು ಕೆಣಕಿದರು.

"ಮೊದಲ್ನೇದು ತೋಟದಾಗೆ ಗುದ್ಲಿಗೆ ಸಿಕ್ತು ಸಾರ್. ಎರಡ್ನೇ ಮಹಾಯುದ್ಧದ ಕಾಲ್ದಾಗೆ ಜಾಲಳ್ಳಿ ತಾವ ಇಟಲಿ ದೇಸದ ಕೈದಿಗಳಿದ್ರಂತಲ್ಲ, ಅವ್ರದೇ ಇರ್ಬೇಕು. ಮಗಳಿಗೆ ಕೊಟ್ಟೆ. ಬೋ ಆಸೆ ಅವಳ್ಗೆ. ಆವತ್ತಿಂದ ಎಲ್ ಕಂಡ್ರೂ ಬಿಡಾಕಿಲ್ಲ."

"ಮಗಳು ಎಲ್ಲಿದ್ದಾಳೆ ಈಗ?"

ಸಂಗಪ್ಪ ಹೊಗೆಡಬ್ಬಿಯನ್ನು ಚೀಲಕ್ಕೆ ಹಾಕಿದ. "ಎಳ್ಳುನೀರು ಬಿಟ್ಟು ಒಂಬತ್ತು ವರ್ಸ ಆಯ್ತು ಸಾರ್."

ಚೈತ್ರ ಕಾಫಿಯ ಲೋಟ ಎತ್ತಿಕೊಂಡು ಒಳಗೆ ಹೋದಳು. ಸತ್ತ ಮಗಳ ಕಥೆ ಹೇಳಿ ಹುಡುಗಿಯನ್ನು ಚೆನ್ನಾಗಿ ಕರಗಿಸಿಟ್ಟಿದ್ದಾನೆ ಎಂದುಕೊಂಡರು ಕಾಶಿನಾಥ.

ಈ ವರ್ಷ ದಸರೆಗೆ ಮುಂಚೆ ಹೊರಗೋಡೆಗೆ ಬಣ್ಣ ಹೊಡೆಸುವಾಗ ಗುಟ್ಟು ಸಿಕ್ಕಿತು. ಏಳನೇ ಮಹಡಿಯ ಬಳಿ ಹಗ್ಗದಲ್ಲಿ ನೇತಾಡುತ್ತಿದ್ದ ಪೇಂಟರ್ ಮಜೀದ್ ಮೇಲಿನಿಂದ ಕೂಗಿದ: "ಸಾರ್, ಈ ಬಾಲ್ಕನಿ ಸೂರಿಗೆ ಯಾರೋ ಜೇನುಮೇಣ ತಿಕ್ಕವ್ರೆ!"

ಮೇಣದ ವಾಸನೆ ಇದ್ದಲ್ಲಿಗೆ ಹುಳ ಹುಡುಕಿಕೊಂಡು ಬರುತ್ತದೆ. ಹುಳದ ಹಿಂದೆ ಸಂಗಪ್ಪ, ಸಂಗಪ್ಪನ ಹಿಂದೆ ಐದು ಸಾವಿರದ ಬಿಲ್ಲು. ಕಾಶಿನಾಥ ಅಂದೇ ಮೇಣ ಕೆರೆಸಿದರು, ಹೊರಗಿನಿಂದ ಬಲೆ ಬಿಗಿಸಿದರು, ಸಂಗಪ್ಪನಿಗೆ ಫೋನ್ ಹಚ್ಚಿದರು.

"ನಿನ್ನ ಮೇಣದ ಆಟ ಗೊತ್ತಾಯ್ತು ಕಣಯ್ಯ. ಇನ್ನು ಗೇಟಿನ ಹತ್ರ ಕಂಡ್ರೆ ಪೊಲೀಸಿಗೇ ಕೊಡೋದು."

ಸಂಗಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ಮೇಣ ಈ ವರ್ಸದ್ದಾ ಸಾರ್?"

"ಹೊಸದೇ. ಇನ್ನೂ ಮೆತ್ತಗಿತ್ತು."

"ಈ ವರ್ಸಾನೂ..." ಎಂದ ಸಂಗಪ್ಪ. ಆಮೇಲೆ, "ಆಯ್ತು ಸಾರ್. ಬರಾಕಿಲ್ಲ."

ಅವನು ವಾದ ಮಾಡಲಿಲ್ಲ. ತಪ್ಪು ಒಪ್ಪಿಕೊಂಡಂತೆಯೇ ಆಯಿತು.

ಸಂಜೆ ಚೈತ್ರ ಆಫೀಸಿನಿಂದ ಬಂದಾಗ ಕಾಶಿನಾಥ ಮೇಲೆ ಹೋಗಿ ಎಲ್ಲವನ್ನೂ ಹೇಳಿದರು. ಅವಳು ಬಾಲ್ಕನಿಗೆ ಹೋಗಿ ಬಲೆಯನ್ನು ಬೆರಳಲ್ಲಿ ಒತ್ತಿ ನೋಡಿದಳು. ಗಟ್ಟಿಯಾಗಿತ್ತು.

"ಮೇಣ ಹಚ್ತಿದ್ದಿದ್ದು ನಾನು ಅಂಕಲ್."

"ನೀನಾ? ಯಾಕಮ್ಮ?"

"ಇಷ್ಟಪಟ್ಟೋನನ್ನ ಮದುವೆಯಾದೆ ಅಂತ ನಾನು ಬದುಕಿರೋವಾಗ್ಲೇ ನನ್ನ ಹೆಸ್ರಲ್ಲಿ ಎಳ್ಳುನೀರು ಬಿಟ್ರು. ಮಗಳ ಮನೆ ಅಂತ ಬರೋ ಹಾಗಿಲ್ಲ. ಜೇನು ಕೂತಿದೆ ಅಂದ್ರೆ ಬರ್ತಿದ್ರು."

ಈ ವರ್ಷ ದೀಪಾವಳಿ ಕಳೆದರೂ ಹೆಜ್ಜೇನು ಬರಲಿಲ್ಲ. ಚೈತ್ರಳ ಅಪ್ಪನೂ ಬರಲಿಲ್ಲ.