ಕೇಬಲ್ ಸಿಗದ ಸಂಜೆ

ಹೆಂಡತಿಯ ಸಾರನ್ನು ಗಂಡ ನೆಂಟರೆದುರು ಬಿಸಿನೀರು ಎಂದುಬಿಟ್ಟಿದ್ದ. ಅಂದಿನಿಂದ ಅವಳು ಮಾತು ಬಿಟ್ಟಳು, ಇವನು ಹಟ ಬಿಡಲಿಲ್ಲ. ಮೊದಲು ಬಾಯಿ ತೆರೆದವರು ಸೋತ ಹಾಗೆ.

ಬಡಾವಣೆ ಸಂಘಕ್ಕೆ ಅವನೇ ಅಧ್ಯಕ್ಷ. ಸಂಘದ ಸ್ಮರಣ ಸಂಚಿಕೆಗೆ ಅಧ್ಯಕ್ಷರ ನುಡಿ ಬರೆದು ಕಂಪ್ಯೂಟರಿನಲ್ಲಿ ಸಿದ್ಧವಾಗಿಟ್ಟಿದ್ದ. ಅದರ ಜೊತೆ ಹೋಗಬೇಕಾದ, ತಾನು ಪೇಟ ಸುತ್ತಿಸಿಕೊಂಡ ಫೋಟೋ ಅವನ ಫೋನಿನಲ್ಲಿತ್ತು. ಎರಡನ್ನೂ ಒಂದೇ ಫೈಲಿನಲ್ಲಿ ಸೇರಿಸಿ ಕಳಿಸಬೇಕೆಂದು ಪ್ರೆಸ್ಸಿನವರು ಹೇಳಿದ್ದರು. ಆರು ಗಂಟೆಗೆ ಪ್ರೆಸ್ಸು ಮುಚ್ಚುತ್ತದೆ. ಫೋಟೋ ಇಳಿಸುವ ಕೇಬಲ್ ಮಾತ್ರ ಮನೆಯಲ್ಲೆಲ್ಲೂ ಇಲ್ಲ.

ಕೊನೆಗೆ ಕೇಬಲ್ ಇಲ್ಲದೆಯೇ ಫೋನು ಜೋಡಿಸುವ ಸಾಫ್ಟ್‌ವೇರ್ ಹಾಕಿಕೊಂಡ. ಕಂಪ್ಯೂಟರಿನ ಖಾತೆ ಹೆಂಡತಿಯ ನಂಬರಿನಲ್ಲಿತ್ತು. ಒಟಿಪಿ ಅವಳ ಫೋನಿಗೆ ಹೋಯಿತು.

"ಯಾರಿಗೋ ಒಟಿಪಿ ಬಂದಿರ್ಬೇಕು," ಎಂದು ಗೋಡೆಗೆ ಹೇಳಿದ.

"ಯಾರನ್ನೋ ಕೇಳ್ತಿದಾರೆ ನೋಡು," ಎಂದು ಅವಳು ಹೆಚ್ಚುತ್ತಿದ್ದ ಹಾಗಲಕಾಯಿಗೆ ಹೇಳಿದಳು.

ಒಟಿಪಿಯ ಅವಧಿ ಮುಗಿಯಿತು. ಇನ್ನೊಂದು ತರಿಸಿದ. ಅದೂ ಮುಗಿಯಿತು. ಮೂರನೆಯದನ್ನು ತರಿಸಿದ. ಆರು ಗಂಟೆಗೆ ಇನ್ನೇನು ಐದೇ ನಿಮಿಷ.

"ಲೇ ಇವಳೇ, ನಂದೇ ತಪ್ಪು ಕಣೇ! ನಿನ್ನ ಸಾರು ಅಮೃತ! ಆ ನಂಬರ್ ಹೇಳ್ಬಿಡೇ!"

ಹೇಳಿದಳು. ಫೋನು ಜೋಡಿಕೊಂಡಿತು, ಫೋಟೋ ನುಡಿಯ ಜೊತೆ ಪ್ರೆಸ್ಸಿಗೆ ಹೋಯಿತು.

"ಆ ಹಾಳು ಕೇಬಲ್ ಒಂದು ಸಿಕ್ಕಿದ್ರೆ ನಾನ್ಯಾಕೆ ಸೋಲ್ತಿದ್ದೆ?" ಎಂದು ಬೆವರು ಒರೆಸಿಕೊಂಡ.

ಹೆಂಡತಿ ಎದ್ದು ಹೋಗಿ ಅಕ್ಕಿ ಡಬ್ಬದ ಮುಚ್ಚಳ ತೆಗೆದಳು. ಮೊಣಕೈವರೆಗೂ ಕೈ ಇಳಿಸಿ, ಕೇಬಲ್ ಹೊರಗೆಳೆದು, ಅಂಟಿದ್ದ ತೌಡು ಊದಿ, ತಂದು ಅವನ ಮುಂದಿಟ್ಟಳು.

"ಇವತ್ತು ಸಾರು ಹೇಗಿರ್ಬೇಕು, ಹೇಳಿ?"